ಹಳದಿ ಗೆರೆ ಮುಗಿಯುವ ಕಡೆ

ನಾನು ನಿಂತಿದ್ದದ್ದು ಐರ್ಲೆಂಡಿನ ಲೀಟ್ರಿಮ್ ಕೌಂಟಿಯ ಉತ್ತರದ ತುದಿಯಲ್ಲಿ, ರಸ್ತೆಯಂಚಿನ ಹಳದಿ ಗೆರೆ ಮುಗಿದು ಬಿಳಿ ಗೆರೆ ಶುರುವಾಗುವ ಜಾಗದಿಂದ ಮೂರು ಹೆಜ್ಜೆ ಈಚೆಗೆ. ಎಡಗೈ ಕಾರಿನ ಬಾನೆಟ್ಟಿನ ಮೇಲಿತ್ತು. ಎರಡು ಸಾವಿರದ ಇಪ್ಪತ್ತರ ಡಿಸೆಂಬರ್, ಕ್ರಿಸ್‌ಮಸ್‌ಗೆ ಮುಂಚಿನ ಭಾನುವಾರ, ಬೆಳಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಮಳೆ ಇರಲಿಲ್ಲ. ಇಷ್ಟು ಕರಾರುವಾಕ್ಕಾಗಿ ಹೇಳುವುದಕ್ಕೆ ಕಾರಣವಿದೆ. ಆಮೇಲೆ ಆದದ್ದರಲ್ಲಿ ನನಗೆ ಖಚಿತವಾಗಿ ಗೊತ್ತಿರುವುದು ಬಹಳ ಕಡಿಮೆ.

ಹಳದಿ ಗೆರೆ ಐರ್ಲೆಂಡಿನದು. ಬಿಳಿ ಗೆರೆ ಉತ್ತರ ಐರ್ಲೆಂಡಿನದು, ಅಂದರೆ ಬ್ರಿಟನ್ನಿನದು. ಅಲ್ಲಿ ಗೇಟಿಲ್ಲ, ಪೊಲೀಸರಿಲ್ಲ. ಟಾರಿನ ಬಣ್ಣ ಸ್ವಲ್ಪ ಬದಲಾಗುತ್ತದೆ, ಅಷ್ಟೆ. ಎರಡೂ ಗೆರೆ ಸೇರುವ ಆ ಜಾಗವೇ ಗಡಿ.

ನಾನು ಕರೆದುಕೊಂಡು ಬಂದಿದ್ದವರು ಗಾಲ್ವೇಯಲ್ಲಿ ನಮ್ಮ ಬಾಡಿಗೆ ಮನೆಯ ಒಡತಿ. ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದರು. ಆಗ ಅವರಿಗೆ ಎಪ್ಪತ್ತೊಂಬತ್ತು. ಸೊಂಟದ ಆಪರೇಷನ್ ಆದಮೇಲೆ ಕಾರು ಓಡಿಸುವುದನ್ನು ಬಿಟ್ಟಿದ್ದರು, ಕೋಲಿಲ್ಲದೆ ನಡೆಯುತ್ತಿರಲಿಲ್ಲ. ಅವರ ಅಕ್ಕನ ಮನೆ ಬಿಳಿ ಗೆರೆಯಿಂದ ಒಂದು ಮೈಲಿ ಆಚೆ. ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕಂಡಿರಲಿಲ್ಲ.

ಆ ವರ್ಷದ ಕೊನೆಯ ದಿನಕ್ಕೆ ಬ್ರಿಟನ್ ಯುರೋಪಿನ ಒಕ್ಕೂಟದಿಂದ ಪೂರ್ತಿ ಕಳಚಿಕೊಳ್ಳುವುದಿತ್ತು. ಹತ್ತು ದಿನ ಉಳಿದಿದ್ದರೂ ಒಪ್ಪಂದ ಆಗುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ರೇಡಿಯೊ ಹಾಕಿದರೆ ಅದೇ. ಅಂಗಡಿಯ ಮುಂದೆ ಆರಾರು ಅಡಿ ದೂರ ನಿಂತ ಸಾಲಿನಲ್ಲೂ ಮಾಸ್ಕಿನೊಳಗಿಂದ ಅದೇ ಬೈಗುಳ. ನಾಲ್ಕು ವರ್ಷದಿಂದ ಇವರು ಹೊರಡುತ್ತಲೇ ಇದ್ದಾರೆ, ಬಾಗಿಲಲ್ಲಿ ನಿಂತು ಚಳಿ ಒಳಗೆ ಬಿಡುತ್ತಿದ್ದಾರೆ ಎಂದು ಒಬ್ಬ ಹೆಂಗಸು ಹೇಳಿದ್ದು ನೆನಪಿದೆ. ಒಡತಿಗೆ ಭಯವಿತ್ತು. ಅವರ ಬಾಲ್ಯದಲ್ಲಿ ಆ ರಸ್ತೆಯ ಮೇಲೆ ಸುಂಕದ ಚೌಕಿ ಇತ್ತು. ಅವರ ತಾಯಿ ಬೆಣ್ಣೆಯನ್ನು ಕೋಟಿನೊಳಗೆ ಕಟ್ಟಿಕೊಂಡು ದಾಟುತ್ತಿದ್ದರಂತೆ.

ಕ್ರಿಸ್‌ಮಸ್‌ಗೆಂದು ಲಾಕ್‌ಡೌನ್ ಸಡಿಲಿಸಿ ಕೌಂಟಿಯಿಂದ ಕೌಂಟಿಗೆ ಹೋಗಲು ಬಿಟ್ಟ ದಿನವೇ ಅವರು ನಮ್ಮ ಬಾಗಿಲಿಗೆ ಬಂದರು. ಮಾತಾಡಿದ್ದು ಇಂಗ್ಲಿಷಿನಲ್ಲಿ. ನನಗೆ ನೆನಪಿರುವುದು ಹೀಗೆ: "ಚೌಕಿ ಮತ್ತೆ ಬರುತ್ತೆ ಕಣಪ್ಪ. ಅದಕ್ಕೆ ಮುಂಚೆ ಅವಳನ್ನ ಒಂದ್ಸಲ ಮುಟ್ಟಬೇಕು ನಾನು. ನಿನ್ನ ಹತ್ರ ಕಾರಿದೆ."

ಗೆರೆಯ ತನಕ ಬರುತ್ತೇನೆ, ಆಚೆಗೆ ಇಲ್ಲ ಎಂದು ಆಗಲೇ ಹೇಳಿದ್ದೆ. ನನ್ನದು ಭಾರತದ ಪಾಸ್‌ಪೋರ್ಟ್, ಕೆಲಸದ ಪರ್ಮಿಟ್ಟು ಐರ್ಲೆಂಡಿನದು. ಆಚೆಗೆ ಬೇರೆ ವೀಸಾ ಬೇಕು. ಪೌರತ್ವಕ್ಕೆ ಅರ್ಜಿ ಹಾಕಲು ಇನ್ನು ನಾಲ್ಕು ತಿಂಗಳಿತ್ತು. ಗಡಿಯ ಹತ್ತಿರ ಬಸ್ಸು ನಿಲ್ಲಿಸಿ ನಮ್ಮಂಥವರ ಗುರುತಿನ ಕಾರ್ಡು ಮಾತ್ರ ಕೇಳುತ್ತಾರೆ ಎಂದು ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಬರೆದಿದ್ದರು.

ಗೆರೆಯ ಹತ್ತಿರ ಕಾರು ನಿಲ್ಲಿಸಿದಾಗ ಒಡತಿ ಮುಂದಿನ ರಸ್ತೆ ನೋಡಿದರು. "ಇನ್ನೊಂದೇ ಮೈಲಿ. ಯಾರು ನೋಡ್ತಾರೆ ನಿನ್ನ, ಹಸುಗಳಾ? ಗ್ರ್ಯಾಂಡ್ ಆಗಿರ್ತೀಯ ಹೋಗು."

ಮೈಸೂರಿನಲ್ಲಿ ಗ್ರ್ಯಾಂಡ್ ಅಂದರೆ ಮದುವೆ, ರಿಸೆಪ್ಷನ್ನು, ಜರಿಸೀರೆ. ಇಲ್ಲಿ ಅದು ಪರವಾಗಿಲ್ಲ ಎಂಬುದಕ್ಕೂ ಬೇಡ ಎಂಬುದಕ್ಕೂ ಸಾಕು, ಸುಮ್ಮನಿರು ಎಂಬುದಕ್ಕೂ ಆಗುವ ಮಾತು.

ಹಿಂದಿನ ಸೀಟಿನಿಂದ ನನ್ನ ಹೆಂಡತಿ ಮೆಲ್ಲಗೆ ಅಂದಳು, "ಹೋಗ್ಬಿಡಿ ರೀ. ಒಂದ್ಮೈಲಿ ಅಲ್ವಾ."

"ನಾಲ್ಕು ತಿಂಗಳು ಕಣೆ" ಅಂದೆ. ಇಂಜಿನ್ ಆಫ್ ಮಾಡಿದೆ.

ಒಡತಿ ಫೋನ್ ಮಾಡಿದರು. ಎಂಬತ್ತಮೂರು ವರ್ಷದ ಅಕ್ಕ ಆ ಮೈಲಿಯನ್ನು ನಡೆದುಕೊಂಡು ಬಂದರು. ನಾವು ಕಾದದ್ದು ಅರ್ಧ ಗಂಟೆ. ಮೊದಲು ಕಂಡದ್ದು ಕೆಂಪು ಟೋಪಿ, ಆಮೇಲೆ ಬಗಲಲ್ಲಿದ್ದ ಬಿಸ್ಕತ್ತಿನ ಡಬ್ಬ. ಹತ್ತಿರ ಬಂದಾಗ ಅವರ ಉಸಿರು ಕೇಳಿಸುತ್ತಿತ್ತು. ಅವರಿಗೆ ಮೊದಲಿನಿಂದಲೂ ಎದೆಯ ತೊಂದರೆ. ಮಾರ್ಚ್‌ನಿಂದ ಯಾರನ್ನೂ ಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ. ತಂಗಿ ಕೈ ಚಾಚಿದಾಗ ಅಂಗೈ ಎತ್ತಿ ತಡೆದರು.

"ಅಲ್ಲೇ ನಿಲ್ಲು. ನೀನು ಯುರೋಪಿನವಳು."

ಇಬ್ಬರೂ ನಕ್ಕರು. ಗೆರೆಯ ಆಚೆ ಒಬ್ಬರು, ಈಚೆ ಒಬ್ಬರು, ಹತ್ತು ನಿಮಿಷ ಮಾತಾಡಿದರು. ಹೆಚ್ಚಾಗಿ ತೀರಿಹೋದವರ ವಿಷಯ. ಒಂದು ಟ್ರ್ಯಾಕ್ಟರ್ ಬಂತು. ಓಡಿಸುತ್ತಿದ್ದ ಮುದುಕ ಇಂಜಿನ್ ಆರಿಸಿ ಕಾಯುತ್ತಾ ಕೂತ.

ಆಮೇಲೆ ಅಕ್ಕ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ಗೆರೆಯ ಮೇಲೆ ಚಾಚಿದರು. ಒಳಗೆ ಹಬ್ಬದ ಕೇಕ್. "ತಗೋ. ಮುಂದಿನ ವರ್ಷ ಇದಕ್ಕೂ ಕಾಗದ ಪತ್ರ ಬೇಕಾಗುತ್ತೆ." ನನ್ನ ಕಡೆ ತಿರುಗಿ, "ಇವನ ಹಾಗೆ ನನ್ನ ಕೇಕೂ ಗಡಿಯಲ್ಲಿ ನಿಂತಿರುತ್ತೆ" ಅಂದರು.

ನನ್ನ ಬಾಯಿಂದ "ಬೇಡ" ಎಂಬ ಮಾತು ಬಂದುಬಿಟ್ಟಿತು. ಕನ್ನಡದಲ್ಲೇ ಬಂತು. ಹೊಸ್ತಿಲ ಮೇಲೆ ನಿಂತು ಕೊಡಬಾರದು, ತಗೊಳ್ಳಬಾರದು. ಇಲ್ಲ ಒಳಗೆ ಬಾ, ಇಲ್ಲ ಹೊರಗೆ ಹೋಗು. ನಮ್ಮಮ್ಮ ಹಾಲಿನವನಿಗೂ ಹಾಗೆ ಹೇಳುತ್ತಿದ್ದರು. ಅವರಿಬ್ಬರೂ ನನ್ನನ್ನೇ ನೋಡುತ್ತಿದ್ದುದರಿಂದ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಬೇಕಾಯಿತು.

ಅಕ್ಕನಿಗೆ ಅದು ಹಿಡಿಸಿತು. "ಹಾಗಾದ್ರೆ ಒಳಗೆ ಯಾವುದು, ಹೊರಗೆ ಯಾವುದು?" ಎಂದು ಕೇಳಿದರು. "ಸರಿ, ನಾನೇ ಬರ್ತೀನಿ" ಎಂದು ಬಿಳಿ ಗೆರೆಯಿಂದ ಹಳದಿ ಗೆರೆಗೆ ಒಂದು ಹೆಜ್ಜೆ ಇಟ್ಟು ಡಬ್ಬ ಕೊಟ್ಟರು. ಒಡತಿ ಅದನ್ನು ತಗೊಂಡು ನನ್ನ ಕೈಗೆ ದಾಟಿಸಿ, ಎರಡೂ ತೋಳಿನಿಂದ ಅಕ್ಕನನ್ನು ಅಪ್ಪಿಕೊಂಡರು. ಕೋಲು ರಸ್ತೆಗೆ ಬಿತ್ತು. ಅಕ್ಕ ಬಿಡಿಸಿಕೊಳ್ಳಲಿಲ್ಲ. ಅಪ್ಪಿಕೊಂಡೇ ನಿಂತಿದ್ದರು. ಇಬ್ಬರ ಮಾಸ್ಕೂ ಕೆಳಗೆ ಜಾರಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಒಪ್ಪಂದ ಆಯಿತೆಂದು ರೇಡಿಯೊದಲ್ಲಿ ಬಂತು. ಅದನ್ನು ಕೇಳುತ್ತಾ ಒಲೆಯ ಪಕ್ಕದಲ್ಲೇ ಕೂತಿದ್ದೆ. ಹೆಂಡತಿ ಮಹಡಿಯಿಂದ ಓಡಿಬಂದಳು. "ಒಗ್ಗರಣೆ ಸೀದು ಹೋಯ್ತಲ್ರೀ, ವಾಸನೆ ಬರ್ಲಿಲ್ವಾ ನಿಮಗೆ?"

ಬಂದಿರಲಿಲ್ಲ. ಇಂಗಿನ ಡಬ್ಬಿ ಮೂಗಿಗೆ ಹಿಡಿದೆ. ಏನೂ ಇರಲಿಲ್ಲ.

ನನಗೆ ಪಾಸಿಟಿವ್ ಬಂತು. ಮೂರು ದಿನ ಬಿಟ್ಟು ಒಡತಿಗೆ, ಅದರ ಮಾರನೇ ದಿನ ಗೆರೆಯಾಚೆ ಅಕ್ಕನಿಗೆ. ಭಾನುವಾರ ಕಾರಿನಲ್ಲಿ ನಾವು ಮೂವರೂ ಮಾಸ್ಕ್ ಹಾಕಿದ್ದೆವು, ಕಿಟಕಿ ನಾಲ್ಕು ಬೆರಳು ತೆರೆದಿತ್ತು. ಹಿಂದಿನ ದಿನ ಕೆಲಸದ ಜಾಗದಲ್ಲಿ ಮೈಬಿಸಿ ನೋಡಿದಾಗ ನನಗೆ ಜ್ವರವಿರಲಿಲ್ಲ. ಶುಕ್ರವಾರ ಒಡತಿ ಕೂದಲು ಕತ್ತರಿಸಿಕೊಳ್ಳಲು ಹೋಗಿದ್ದರು. ಯಾರಿಂದ ಯಾರಿಗೆ ಎಂದು ನನಗೆ ಗೊತ್ತಿಲ್ಲ.

ಅಕ್ಕ ಜನವರಿಯ ಎರಡನೇ ವಾರ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಯನ್ನು ಒಡತಿ ತಮ್ಮ ಅಡುಗೆಮನೆಯಲ್ಲಿ ಫೋನಿನಲ್ಲಿ ನೋಡಿದರು. ನಾವಿಬ್ಬರು ಕಿಟಕಿಯ ಹೊರಗೆ ನಿಂತಿದ್ದೆವು. ಮೇಜಿನ ಮೇಲೆ ಕೇಕಿನ ಡಬ್ಬವಿತ್ತು. ಹೊಸ ವರ್ಷದಲ್ಲಿ ಆ ರಸ್ತೆಗೆ ಯಾವ ಚೌಕಿಯೂ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಮಾರ್ಚ್‌ನಲ್ಲಿ ಹಿತ್ತಿಲ ಗೋಡೆಯ ಆಚೆ ಅವರು ಬಟ್ಟೆ ಒಣಹಾಕುತ್ತಿದ್ದಾಗ ಕೇಳಿದೆ, "ನನ್ನ ಮೇಲೆ ಕೋಪ ಇದೆಯಾ ನಿಮಗೆ?"

ಅವರು ಒಂದು ದಿಂಬಿನ ಕವರಿಗೆ ಕ್ಲಿಪ್ಪು ಹಾಕಿ ಮುಗಿಸಿದರು. "ನೀನು ಬಾಯಿ ಹಾಕದೇ ಇದ್ದಿದ್ರೆ ಅವಳು ದಾಟ್ತಿರಲಿಲ್ಲ" ಅಂದರು. ಇನ್ನೊಂದು ಕವರನ್ನು ಕೊಡವುತ್ತಾ, "ಐ ಆಮ್ ಗ್ರ್ಯಾಂಡ್" ಅಂದರು.

ಅದು ಥ್ಯಾಂಕ್ಸೋ, ದೂರೋ, ಇನ್ನು ಕೇಳಬೇಡ ಎಂದೋ? ಗ್ರ್ಯಾಂಡ್ ಎಂಬ ಆ ಮಾತನ್ನು ಮೂರೂ ಅರ್ಥದಲ್ಲಿ ಅವರ ಬಾಯಿಂದಲೇ ಕೇಳಿದ್ದೇನೆ.

ಈಗ ನನ್ನ ಹತ್ತಿರ ಈ ದೇಶದ ಪಾಸ್‌ಪೋರ್ಟ್ ಇದೆ. ಆ ಒಂದು ಮೈಲಿ ಹೋಗಬಹುದು. ಕಳೆದ ವರ್ಷ ಗೆರೆಯ ತನಕ ಹೋಗಿ, ಮೂರು ಹೆಜ್ಜೆ ಈಚೆಗೆ ನಿಂತು, ಹಿಂದಿರುಗಿದೆ.

ಇದನ್ನು ನನ್ನ ಜೊತೆ ಕಂಡು ಇನ್ನೂ ಬದುಕಿರುವವರು ಮೂವರು. ಒಡತಿ, ಕಣ್ಣು ಮಂಜಾಗಿದೆ, ನೆನಪು ಚೆನ್ನಾಗಿದೆ. ನನ್ನ ಹೆಂಡತಿ, ಅಪ್ಪಿಕೊಂಡದ್ದು ಬಹಳ ಹೊತ್ತು ಅನ್ನುತ್ತಾಳೆ, ನನಗೆ ಒಂದು ಗಳಿಗೆ ಅನಿಸಿತ್ತು. ಇನ್ನೊಬ್ಬ, ಟ್ರ್ಯಾಕ್ಟರಿನ ಮುದುಕ. ಕಳೆದ ವರ್ಷ ಎದುರಿಗೆ ಸಿಕ್ಕಿದ್ದ, ಇಲ್ಲಿಯ ಹಳ್ಳಿಯವರು ನಮಸ್ಕಾರ ಹೇಳುವ ಹಾಗೆ ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತಿ ಮುಂದೆ ಹೋದ.