ಗೇಟಿನವರೆಗಿನ ಇಂಗ್ಲಿಷು

ಮೊನ್ನೆ ಬೆಳಗ್ಗೆ ಮಂಜಪ್ಪ ಬಂದ. ಬಂದವನು ಜಗಲಿಯ ಬೆಂಚಿನ ಮೇಲೆ ಕೂತು, ಟವೆಲಿನಿಂದ ಮುಖ ಒರೆಸಿಕೊಂಡು, ಕಾಳುಮೆಣಸಿನ ಬಳ್ಳಿಗೆ ಬಂದಿರುವ ರೋಗದ ಮಾತು ತೆಗೆದ. ನನಗೆ ಮೆಣಸಿನ ಬಳ್ಳಿ ಇಲ್ಲ. ಆಲ್ದೂರು ಪೇಟೆಯ ಹಿಂದಿನ ಈ ಮನೆಯ ಅಂಗಳದಲ್ಲಿ ಇರುವುದು ಒಂದು ನುಗ್ಗೆಮರ, ಅದೂ ಪಕ್ಕದ ಮನೆಯವರದು. ಆದರೂ ತಲೆಯಾಡಿಸಿದೆ. ಮಂಜಪ್ಪ ಮೆಣಸಿನಿಂದ ಬಸ್ಸಿಗೆ ಬಂದ, ಬಸ್ಸಿನಿಂದ ಮಂಜಿಗೆ ಹೋದ. ನನ್ನ ಹೆಂಡತಿ ಕಾಫಿ ತಂದಳು. ಕುಡಿದು, ಲೋಟವನ್ನು ಕೆಳಗಿಟ್ಟು, ಅದನ್ನೇ ಬೆರಳಿನಿಂದ ತಿರುಗಿಸುತ್ತ ಮತ್ತೆ ಮೆಣಸಿಗೇ ವಾಪಸಾದ.

ಮೂಡಿಗೆರೆಯ ಆಚೆಯಿಂದ ಜೀಪು ಓಡಿಸಿಕೊಂಡು ಬಂದವನು ಮೆಣಸಿನ ರೋಗ ಹೇಳಲು ಬಂದಿಲ್ಲ ಎಂಬುದು ನನಗೆ ಗೊತ್ತು, ಅವನಿಗೆ ಗೊತ್ತು, ಒಳಗೆ ಒಲೆ ಊದುತ್ತಿದ್ದ ನನ್ನ ಹೆಂಡತಿಗೂ ಗೊತ್ತು. 'ಏನು ವಿಷಯ?' ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳುವ ಹಾಗಿಲ್ಲ. ನಮ್ಮ ಕಡೆ ಮನೆಗೆ ಬಂದವರನ್ನು ಯಾಕೆ ಬಂದಿರಿ ಎಂದು ಕೇಳಿದರೆ ಎದ್ದು ಹೋಗಿ ಎಂದ ಹಾಗೆ. ಬಂದವರು ಕೂರಬೇಕು, ಮಳೆ ಬೆಳೆಯ ಮಾತಾಡಬೇಕು, ಕಾಫಿ ಕುಡಿಯಬೇಕು, ಎಲೆ ಅಡಿಕೆ ಹಾಕಬೇಕು, ಎದ್ದು ಚಪ್ಪಲಿ ಮೆಟ್ಟಬೇಕು. ಆಮೇಲೆ ತಲೆ ಕೆರೆದುಕೊಂಡು 'ಅಂದ ಹಾಗೆ...' ಎಂದು ಶುರು ಮಾಡಬೇಕು. ಮದುವೆಯ ಮಾತಾದರೂ ಅಷ್ಟೆ, ಹಸು ಕಳೆದುಹೋದ ಮಾತಾದರೂ ಅಷ್ಟೆ. ಈ ಪದ್ಧತಿಗೆ ನನ್ನ ಆಯುಷ್ಯದ ಎಷ್ಟು ಬೆಳಗುಗಳು ಬಲಿಯಾಗಿವೆಯೋ ನಾನು ಲೆಕ್ಕ ಇಟ್ಟಿಲ್ಲ. ಇಟ್ಟಿದ್ದರೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಮಂಜಪ್ಪ ಲೋಟ ತಿರುಗಿಸುವುದನ್ನು ನೋಡುತ್ತ ನನಗೆ ಅವನ ಅಜ್ಜ ತಮ್ಮೇಗೌಡರ ನೆನಪಾಯಿತು. ಅವರ ಬೆರಳೂ ಹೀಗೇ ತಿರುಗುತ್ತಿತ್ತು, ಆದರೆ ಅದು ಪಿಂಗಾಣಿ ಬಟ್ಟಲಿನ ಅಂಚಿನ ಮೇಲೆ.

ಬ್ರಿಟಿಷರು ಇನ್ನೂ ಇದ್ದ ಕಾಲ. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದು ಕೆಲಸವಿಲ್ಲದೆ ಪೇಟೆಯಲ್ಲಿ ತಿರುಗಿಕೊಂಡಿದ್ದೆ. ಕೋಟು ಒಂದಿತ್ತು. ಅದನ್ನು ಬಿಸಿಲಲ್ಲೂ ಹಾಕಿಕೊಳ್ಳುತ್ತಿದ್ದೆ, ಏಕೆಂದರೆ ನಾನು ಓದಿದವನೆಂದು ತೋರಿಸಲು ಬೇರೆ ದಾರಿ ಇರಲಿಲ್ಲ. ಏಲಕ್ಕಿ ವ್ಯಾಪಾರದ ಸಾಹೇಬರೊಬ್ಬರು ಆ ಕೋಟು ನೋಡಿಯೋ ಏನೋ, "ದೇವರಮನೆ ಗುಡ್ಡದ ಕಡೆ ಒಬ್ಬರು ಗೌಡ್ರು ಇಂಗ್ಲಿಷ್ ಮಾತಾಡೋದು ಕಲೀಬೇಕಂತೆ, ಹೋಗ್ತೀರಾ?" ಎಂದರು. ಹೋದೆ.

ತಮ್ಮೇಗೌಡರದು ಸಣ್ಣ ಕಾಫಿ ತೋಟ. ಅರವತ್ತರ ಹತ್ತಿರದ ಮನುಷ್ಯ, ಮಂಡಿ ನೋವು, ದಪ್ಪ ಮೀಸೆ, ಮೆಲ್ಲಗಿನ ಮಾತು. ಓದು ಬರಹ ಬೇಡ, ಬರೀ ಮಾತು ಸಾಕು ಎಂದರು. ಯಾಕೆ ಎಂದು ನಾನು ಕೇಳಲಿಲ್ಲ. ನಾನೂ ಈ ಕಡೆಯವನೇ ಅಲ್ಲವೇ? ಯಾಕೆಂದು ಹೇಳಿದ್ದು ಕಾಫಿ ತಂದುಕೊಟ್ಟ ಅವರ ಸೊಸೆ ಸಾವಿತ್ರಮ್ಮ. ಆ ಮನೆಯಲ್ಲಿ, ಬಹುಶಃ ಆ ಹೋಬಳಿಯಲ್ಲೇ, ನೇರ ಮಾತಾಡುವ ಜೀವ ಅದೊಂದೇ.

"ಕೆಳಗಿನ ಎಸ್ಟೇಟಿನ ಗೇಟು ತೆಗೆಸೋಕೆ, ಮೇಷ್ಟ್ರೇ," ಎಂದರು.

ವಿಷಯ ಇಷ್ಟೆ. ಗೌಡರ ಮನೆಯಿಂದ ಮೂಡಿಗೆರೆಗೆ ಒಳ್ಳೆಯ ದಾರಿ ಕೆಳಗಿನ ಬಿಳಿ ದೊರೆಯ ಎಸ್ಟೇಟಿನ ನಡುವೆ ಹೋಗುತ್ತಿತ್ತು. ಹಗಲು ಯಾರು ಓಡಾಡಿದರೂ ತಕರಾರಿಲ್ಲ. ಕೊಯ್ಲಿನ ಕಾಲ ಬಂತೆಂದರೆ ಕಾಫಿ ಕಳ್ಳತನವಾಗುತ್ತದೆಂದು ಕತ್ತಲಾಗುತ್ತಲೇ ಗೇಟಿಗೆ ಬೀಗ. ಹಿಂದಿನ ವರ್ಷ ಸಾವಿತ್ರಮ್ಮನಿಗೆ ಚೊಚ್ಚಲ ಹೆರಿಗೆಯ ನೋವು ಬಂದಾಗ ಗೇಟಿಗೆ ಬೀಗ ಬಿದ್ದಿತ್ತು. ದೊರೆಯ ಅಪ್ಪಣೆ ಇಲ್ಲದೆ ತೆಗೆಯುವುದಿಲ್ಲ ಎಂದ ಕಾವಲುಗಾರ. ಎತ್ತಿನ ಗಾಡಿ ಗುಡ್ಡ ಸುತ್ತಿಕೊಂಡು ಹೋಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕೂಸು ಇರಲಿಲ್ಲ. ಈಗ ಅವರು ಮತ್ತೆ ಬಸುರಿ, ದಿನ ತುಂಬುವುದು ಮತ್ತೆ ಕೊಯ್ಲಿನ ಹೊತ್ತಿಗೇ.

ದೊರೆಗೆ ಕನ್ನಡ ಬರುತ್ತಿತ್ತು. ಆದರೆ ಅದು ಆಳುಗಳಿಗೆ ಹೇಳುವ ಕನ್ನಡ: ಬಾ, ಹೋಗು, ಗುಡಿಸು, ಹೊರು. ಆ ಭಾಷೆಯಲ್ಲಿ ತಮ್ಮನ್ನು ಮಾತಾಡಿಸಿದರೆ ಗೌಡರು ತಡೆದುಕೊಳ್ಳುತ್ತಿರಲಿಲ್ಲ, ಮಾತಾಡಿಸಲು ದೊರೆಗೂ ಸಂಕೋಚ. ಹಾಗಾಗಿ ಇಂಗ್ಲಿಷು, ಹಾಗಾಗಿ ನಾನು.

ಪಾಠ ಶುರುವಾದದ್ದು ಮಳೆಗಾಲದಲ್ಲಿ. ಇಂಗ್ಲಿಷಿನವರ ಮಾತೆಲ್ಲ ಹವೆಯಿಂದಲೇ ಆರಂಭ ಎಂದು ಮೊದಲ ದಿನ ಹವೆ ಎತ್ತಿಕೊಂಡೆ. "ಇಟ್ ಈಸ್ ರೇನಿಂಗ್," ಎಂದು ಹೇಳಿಕೊಟ್ಟೆ. ಗೌಡರು ಹೊರಗೆ ನೋಡಿದರು.

"ಯಾವ ಮಳೆ, ಮೇಷ್ಟ್ರೇ?"

"ಯಾವುದಾದರೂ ಸರಿ, ಗೌಡ್ರೇ."

"ಅದ್ಹೆಂಗೆ? ಆರಿದ್ರಾ ಮಳೆಗೂ ರೇನಿಂಗು, ಮಘೆ ಮಳೆಗೂ ರೇನಿಂಗಾ? ಎಂತ ಭಾಷೆ ಮಾರಾಯ್ರೆ ಇದು?"

ಸೋನೆಗೊಂದು, ಜಡಿಮಳೆಗೊಂದು, ಬಿಸಿಲು ಮಳೆಗೊಂದು ಮಾತು ಬೇಕೆಂದು ಹಟ ಹಿಡಿದರು. ಸಂಜೆಯೆಲ್ಲ ಅದರಲ್ಲೇ ಹೋಯಿತು. ಮರುದಿನ 'ಹೌ ಡು ಯು ಡು' ಕಲಿಸಿದೆ. ಅವರು ತಮ್ಮ ಮಂಡಿಯ ವೃತ್ತಾಂತ ಹೇಳಲು ಹೊರಟರು. ಅಯ್ಯೋ, ಅದಕ್ಕೆ ಉತ್ತರ ಹೇಳಬಾರದು, ಅದನ್ನೇ ತಿರುಗಿ ಹೇಳಬೇಕು ಎಂದೆ. "ಮತ್ತೆ ಕೇಳೋದು ಎಂತಕ್ಕೆ?" ಎಂದರು. ಊಟದ ಪಾಠದಲ್ಲಿ ಕಡುಬಿಗೆ ಇಂಗ್ಲಿಷು ಕೇಳಿದರು. ನಾಯಿಯ ಪಾಠದಲ್ಲಿ, ನಾಯಿಯನ್ನು ಮನೆಯೊಳಗೆ ಕುರ್ಚಿಯ ಮೇಲೆ ಕೂರಿಸುವವರ ಹತ್ತಿರ ನಾಯಿಯ ಮಾತಾಡುವುದೇ ಬೇಡ ಎಂದರು. ನನಗೆ ಕೋಟು ಬಿಚ್ಚಿ ಎಸೆದು ಊರಿಗೆ ಓಡಿಬಿಡೋಣ ಅನ್ನಿಸುತ್ತಿತ್ತು.

ಒಂದೇ ಒಂದು ಪಾಠ ಅವರಿಗೆ ಮೊದಲ ಸಲಕ್ಕೇ ಹಿಡಿಸಿತು. ಬಂದವರನ್ನು ಕೂರಿಸಿ ಇಂಗ್ಲಿಷಿನವರು 'ವಾಟ್ ಕ್ಯಾನ್ ಐ ಡು ಫಾರ್ ಯು' ಎನ್ನುತ್ತಾರೆ, ನಿಮಗಾಗಿ ನಾನೇನು ಮಾಡಲಿ ಎಂದು ಅವರಾಗಿಯೇ ವಿಚಾರಿಸುತ್ತಾರೆ ಎಂದೆ. ಗೌಡರು ನೆಟ್ಟಗೆ ಕೂತರು.

"ಅವರೇ ಕೇಳ್ತಾರಾ? ನಾವಾಗಿ ಬಾಯಿ ಬಿಡೋ ಹಾಗಿಲ್ಲ?"

"ಅವರೇ ಕೇಳ್ತಾರೆ."

"ಭೇಷ್. ಮರ್ಯಾದಸ್ಥ ಜನ," ಎಂದು ಮೀಸೆಯ ಮೇಲೆ ಕೈಯಾಡಿಸಿದರು. ಇನ್ನೊಬ್ಬರ ಮುಂದೆ ಕೈಯೊಡ್ಡುವುದೊಂದೇ ಅವರ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು. ಆ ಮುಳ್ಳನ್ನು ನಾನೇ ಕಿತ್ತೆನೆಂದು ಅಂದು ಹಿಗ್ಗಿ ಬಿಡಾರಕ್ಕೆ ಹೋದೆ. ಎಂಥ ಪೆದ್ದ ನಾನು!

ಮಳೆ ಹೊಳವಾದ ಮೇಲೆ ಭಾನುವಾರಗಳಂದು ದೊರೆಯ ಬಂಗಲೆಗೆ ನಮ್ಮ ಸವಾರಿ ಶುರುವಾಯಿತು. ಗೌಡರು ಮುಂದೆ, ಛತ್ರಿ ಹಿಡಿದ ನಾನು ಹಿಂದೆ. ದೊರೆ ಎತ್ತರದ, ಒಣಕಲು ಮನುಷ್ಯ. ಒಂಟಿ. ಪಿಂಗಾಣಿ ಬಟ್ಟಲಲ್ಲಿ ಚಹಾ ಕೊಟ್ಟ. ಹೌದು, ಕಾಫಿ ಬೆಳೆಯುವ ಇಬ್ಬರು ಕೂತು ಚಹಾ ಕುಡಿದರು. ಮಳೆ ನಿಂತಿತು ಎಂದ ದೊರೆ. ಎಸ್, ನಿಂತಿತು ಎಂದರು ಗೌಡರು. ಇಬ್ಬರೂ ಹೊರಗೆ ನೋಡಿ ಮಳೆ ನಿಂತಿರುವುದನ್ನು ಖಾತ್ರಿ ಮಾಡಿಕೊಂಡರು. ನಾಯಿ ಆಕಳಿಸಿತು. ಒಳ್ಳೆಯ ನಾಯಿ ಎಂದರು ಗೌಡರು. ಥ್ಯಾಂಕ್ಯು ಎಂದ ದೊರೆ. ಗೌಡರು ಬಟ್ಟಲಿನ ಅಂಚು ತಿರುಗಿಸುತ್ತ, ನಿಮಗಾಗಿ ನಾನೇನು ಮಾಡಲಿ ಎಂಬ ಆ ಮಾತಿಗಾಗಿ ಕಾದರು. ದೊರೆ ಅದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೇಳಿದ. ಕೊನೆಗೆ ನಾವು ಎದ್ದೆವು. ದೊರೆಯೂ ಎದ್ದು, ಕುಂಟುತ್ತ, ಅಷ್ಟು ದೂರದ ಆ ಎಸ್ಟೇಟಿನ ಗೇಟಿನವರೆಗೂ ನಡೆದು ಬಂದ. ಗೇಟಿನ ಮೇಲೆ ಕೈಯಿಟ್ಟು, ಆಕಾಶ ನೋಡುತ್ತ ಸುಮ್ಮನೆ ನಿಂತ. ಗೌಡರೂ ನಿಂತರು. ಆಮೇಲೆ ಗುಡ್ ಈವ್ನಿಂಗ್ ಆಯಿತು.

ಮುಂದಿನ ಭಾನುವಾರ ಇದೇ. ಅದರ ಮುಂದಿನದೂ ಇದೇ. ಮಳೆ ನಿಂತದ್ದು, ನಾಯಿ, ಮಂಜು, ಮತ್ತೆ ನಾಯಿ. ನಾನು ದಾರಿಯಲ್ಲಿ ಅಂಗಲಾಚಿದೆ. "ಗೌಡ್ರೇ, ಒಂದು ಮಾತು ನಾನೇ ಹೇಳ್ತೀನಿ."

"ನೀವು ಬಾಯಿ ಬಿಟ್ರೆ ನಾಳಿಂದ ಬರೋದು ಬೇಡ. ಅವರ ಪದ್ಧತಿ ಪ್ರಕಾರ ಅವರೇ ಕೇಳಲಿ. ನೀವೇ ಅಲ್ವಾ ಹೇಳಿಕೊಟ್ಟಿದ್ದು?"

ನೀವೇ ಹೇಳಿ, ಇಷ್ಟು ಕಾಲ ಕಲಿಸಿದ್ದರಲ್ಲಿ ಒಂದಕ್ಷರ ನಿಲ್ಲದ ತಲೆಯಲ್ಲಿ ಇದೊಂದು ಬೇರೂರಿ ಕೂರಬೇಕೇ? ಗದ್ದೆಯಲ್ಲಿ ಭತ್ತ ಹಳದಿಗೆ ತಿರುಗಿತು, ತೋಟದಲ್ಲಿ ಕಾಫಿ ಹಣ್ಣು ಕೆಂಪಾಯಿತು. ಸಾವಿತ್ರಮ್ಮ ಸೊಂಟಕ್ಕೆ ಕೈಕೊಟ್ಟುಕೊಂಡು ನಡೆಯತೊಡಗಿದರು. ಒಂದು ಸಂಜೆ ನಾವು ಬಂಗಲೆಯಿಂದ ಬಂದಾಗ ಬಾಗಿಲಲ್ಲೇ ನಿಂತಿದ್ದರು.

"ಇವತ್ತು ಎಂತ ಮಾತಾಯ್ತು ಮೇಷ್ಟ್ರೇ?"

"ಮಂಜು... ನಾಯಿ..."

"ನಿಮ್ಮ ನಾಯಿ ಮಾತು ಮುಗಿಯೋದ್ರೊಳಗೆ ನಂಗೆ ಹೆರಿಗೆ ಆಗ್ತದೆ," ಎಂದರು. ನಕ್ಕು ಹೇಳಿದ ಮಾತೇ. ಆದರೆ ಒಳಗೆ ಹೋಗುವಾಗ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಗೌಡರೂ ನೋಡಿದರು. ಆ ರಾತ್ರಿ ಅವರು ಸರಿಯಾಗಿ ಊಟ ಮಾಡಲಿಲ್ಲವಂತೆ.

ಅದರ ಮುಂದಿನ ಭಾನುವಾರ ಗೇಟಿನ ಸರಪಳಿಯಲ್ಲಿ ಆ ವರ್ಷದ ಬೀಗ ಆಗಲೇ ತೂಗಾಡುತ್ತಿತ್ತು. ಚಹಾ, ಮಂಜು, ನಾಯಿ ಎಲ್ಲ ಆಯಿತು. ದೊರೆ ಎಂದಿನಂತೆ ಕುಂಟುತ್ತ ಬಂದು ಗೇಟು ಹಿಡಿದು ಆಕಾಶ ನೋಡಿದ. ಗೌಡರ ಕಣ್ಣು ಬೀಗದ ಮೇಲಿತ್ತು, ಬಾಯಿ ಮುಚ್ಚಿತ್ತು. ನನ್ನ ತಾಳ್ಮೆ ಅಲ್ಲಿಗೆ ಹರಿಯಿತು. ಹೋದರೆ ಹೋಗಲಿ ಕೆಲಸ ಎಂದುಕೊಂಡು, ಕೋಟಿನ ಗುಂಡಿ ಹಾಕಿಕೊಂಡು, ದೊರೆಯನ್ನು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟೆ: "ಸ್ವಾಮಿ, ಇಷ್ಟು ಸಲ ನಿಮ್ಮಲ್ಲಿಗೆ ಬಂದ ಈ ಹಿರಿಯರನ್ನು ಯಾಕೆ ಬಂದಿರಿ ಎಂದು ನೀವು ಒಮ್ಮೆಯೂ ಯಾಕೆ ಕೇಳುವುದಿಲ್ಲ?"

ದೊರೆ ನನ್ನನ್ನು ದುರುಗುಟ್ಟಿ ನೋಡಿದ. ಅವನಿಗೂ ರೋಸಿಹೋಗಿತ್ತೆಂದು ಕಾಣುತ್ತದೆ. "ಕೇಳುವುದಾ? ಈ ಸೀಮೆಯಲ್ಲಿ ಬಂದವರನ್ನು ಹಾಗೆ ಕೇಳಿದರೆ ಅವಮಾನ, ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡು ಅವರೇ ಹೇಳುತ್ತಾರೆ, ಕಾದಿರಬೇಕು ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನಾನು ಬಂದ ಹೊಸತರಲ್ಲೇ ಹೇಳಿಕೊಟ್ಟಿದ್ದಾನೆ. ಇಲ್ಲದಿದ್ದರೆ ಈ ಕೆಟ್ಟ ಮಂಡಿ ಇಟ್ಟುಕೊಂಡು ಪ್ರತಿ ಸಲ ಇಲ್ಲಿಯತನಕ ಯಾಕೆ ನಡೆದು ಬರುತ್ತಿದ್ದೆ? ಪ್ರತಿ ಸಲವೂ ಈ ಗೇಟಿನಲ್ಲಿ ಕಾದಿದ್ದೇನೆ. ಈತ ಹೇಳುವುದೇ ಇಲ್ಲವಲ್ಲ!"

"ಎಂತ ಅಂತಾರೆ?" ಎಂದರು ಗೌಡರು. ಕನ್ನಡದಲ್ಲಿ ಹೇಳಿದೆ.

ಅವರ ಪದ್ಧತಿಯಂತೆ ಇವರು ಕುರ್ಚಿಯಲ್ಲಿ ಕಾದಿದ್ದರು. ಇವರ ಪದ್ಧತಿಯಂತೆ ಅವನು ಗೇಟಿನಲ್ಲಿ ಕಾದಿದ್ದ. ಎರಡು ಮರ್ಯಾದೆಗಳ ನಡುವೆ ಒಬ್ಬ ಹೆಂಗಸಿನ ದಿನ ತುಂಬುತ್ತಿತ್ತು. ನಾನು ಕಲಿಸಿದ ಅಷ್ಟೂ ಇಂಗ್ಲಿಷು ಎಲ್ಲಿ ಹೋಯಿತೋ, ಗೌಡರು ಕೈಯನ್ನು ಬೀಗದ ಮೇಲೆ ಇಟ್ಟು ಕನ್ನಡದಲ್ಲೇ ಹೇಳಿದರು: "ಇದು, ದೊರೆ. ಇದೊಂದು. ನನ್ನ ಸೊಸೆ ಬಸುರಿ. ಹೋದ ವರ್ಷ ಕೂಸು ಹೋಯ್ತು."

ಹೋದ ವರ್ಷದ್ದನ್ನು ದೊರೆಗೆ ಯಾರೂ ಹೇಳಿರಲಿಲ್ಲ. ನನ್ನಿಂದ ಪೂರ್ತಿ ಕೇಳಿಸಿಕೊಂಡ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಕಾವಲುಗಾರನನ್ನು ಕೂಗಿ ಕೀಲಿ ತರಿಸಿ, ಬೀಗ ಬಿಡಿಸಿ, ಕೀಲಿಯ ಸಮೇತ ಗೌಡರ ಕೈಗಿಟ್ಟ.

ಮನೆಗೆ ಬಂದು ಗೌಡರು ಆ ಬೀಗವನ್ನು ಸೊಸೆಯ ಮುಂದಿಟ್ಟರು. ಸಾವಿತ್ರಮ್ಮ ಅದನ್ನು ನೋಡಿ ಅತ್ತರು, ಆಮೇಲೆ ನನ್ನ ಮೇಲೆ ಹರಿಹಾಯ್ದರು. "ಒಂದು ಗಳಿಗೆ ಮಾತಿಗೆ ಇಷ್ಟು ದಿನವಾ? ನೋಡ್ತಿರಿ ಮೇಷ್ಟ್ರೇ, ನನ್ನ ಮಗೂಗೆ ಮೊದಲು ಕಲಿಸೋದು ಅದನ್ನೇ. ಹೋದ ಕೂಡ್ಲೆ ವಿಷಯ ಹೇಳಿಬಿಡ್ಬೇಕು."

ಕೊಯ್ಲಿನ ನಡುವೆ ನೋವು ಕಾಣಿಸಿಕೊಂಡಿತು. ಗಾಡಿ ತೆರೆದ ಗೇಟಿನಲ್ಲಿ ಹಾದು ಹೊತ್ತಿಗೆ ಸರಿಯಾಗಿ ಮೂಡಿಗೆರೆ ಮುಟ್ಟಿತು. ಗಂಡು ಮಗು. ಆ ಮಗುವೇ ಈಗ ನಲವತ್ತು ದಾಟಿ, ನನ್ನ ಜಗಲಿಯಲ್ಲಿ ಕೂತು, ಲೋಟ ತಿರುಗಿಸುತ್ತ, ಮೆಣಸಿನ ರೋಗ ಹೇಳುತ್ತಿದ್ದ ಮಂಜಪ್ಪ. ನನ್ನ ಸಿಟ್ಟು ನಿಮಗೆ ಈಗ ಅರ್ಥವಾಗಿರಬೇಕು.

ಕೂತಿದ್ದರೆ ಇವನು ಮಧ್ಯಾಹ್ನವಾದರೂ ಹೇಳುವುದಿಲ್ಲ ಎನ್ನಿಸಿತು. ನಾನೇ ಎದ್ದೆ. "ಬಾ, ಗೇಟಿನವರೆಗೆ ಬರ್ತೀನಿ," ಎಂದು ಚಪ್ಪಲಿ ಮೆಟ್ಟಿದೆ. ಬೇಲಿಯ ಗೇಟು ಹಿಡಿದು, ಆ ದೊರೆಯ ಹಾಗೆಯೇ ಆಕಾಶ ನೋಡುತ್ತ ನಿಂತೆ. ಮಂಜಪ್ಪ ಜೀಪಿನ ಹತ್ತಿರ ಹೋಗಿ, ತಲೆ ಕೆರೆದುಕೊಂಡು, ತಿರುಗಿ ಬಂದ.

"ಅಂದ ಹಾಗೆ, ಮೇಷ್ಟ್ರೇ... ಅಮ್ಮಂಗೆ ಹುಷಾರಿಲ್ಲ. ಡಾಕ್ಟ್ರು ಇವತ್ತೋ ನಾಳೆಯೋ ಅಂದಿದಾರೆ. ನಿಮ್ಮನ್ನ ನೋಡ್ಬೇಕಂತೆ."

"ಇದನ್ನ ಬಂದ ತಕ್ಷಣ ಹೇಳೋಕೆ ಏನಾಗಿತ್ತೋ ಮಾರಾಯ!" ಎಂದು ಕಿರುಚಿದೆ. ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು.

"ಅಮ್ಮನೂ ಹಂಗೇ ಹೇಳಿ ಕಳಿಸಿದ್ರು. ಬಾಯಿಗೆ ಬರ್ಲಿಲ್ಲ," ಎಂದ. ಅವನ ಕಣ್ಣು ತುಂಬಿತ್ತು. ಬಾಯಿಗೆ ಬಾರದ ಮಾತು ಎದೆಯಲ್ಲಿ ಎಷ್ಟು ಭಾರವಾಗಿ ಕೂತಿರುತ್ತದೆ ಎಂಬುದು, ಇಷ್ಟು ವರ್ಷ ಬೈದುಕೊಂಡು ಬಂದ ನನಗೆ ಆಗ ಕಂಡಿತು. ಅವನ ಬೆನ್ನು ಸವರಿದೆ. ಚಪ್ಪಲಿ ಕಾಲಲ್ಲೇ ಇತ್ತು, ಹಾಗೆಯೇ ಜೀಪು ಹತ್ತಿದೆ.

ದಾರಿಯಲ್ಲಿ ದೊರೆಯ ಆ ಗೇಟಿನ ಜಾಗದಲ್ಲಿ ಈಗ ಎರಡು ಕಲ್ಲುಗಂಬ ಮಾತ್ರ ಇವೆ. ಸಾವಿತ್ರಮ್ಮ ಒರಗುದಿಂಬಿಗೆ ಒರಗಿ ಮಲಗಿದ್ದರು, ಬಹಳ ಸಣ್ಣಗಾಗಿದ್ದರು. ನನ್ನನ್ನು ನೋಡಿ, ಚೆನ್ನಾಗಿದ್ದೀರಾ ಎನ್ನಲಿಲ್ಲ, ಮಳೆಯ ಮಾತೆತ್ತಲಿಲ್ಲ.

"ಎಷ್ಟು ಹೊತ್ತು ಕೂರಿಸಿದ ನಿಮ್ಮನ್ನ?" ಎಂದರು.

ಮಂಜಪ್ಪ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದ.

"ಕೂರಲೇ ಇಲ್ಲ ಸಾವಿತ್ರಮ್ಮ," ಎಂದೆ. "ಬಂದ, ಜಗಲಿ ಹತ್ತೋದಕ್ಕೆ ಮೊದಲೇ ಹೇಳಿದ."

ಅವರು ಮಗನ ಕಡೆ ತಿರುಗಿ ಬಹಳ ಹೊತ್ತು ನೋಡಿದರು. "ಹಂಗಾದ್ರೆ ಕಲ್ತ," ಎಂದು, ನನ್ನ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದರು.