ಯಳಂದೂರಿನ ಆತ್ಮಕಥೆಯೂ ಸರಸಳ ಮದುವೆಯೂ

ಮೊನ್ನೆ ಅಂಚೆಯಲ್ಲಿ ಒಂದು ಪುಸ್ತಕ ಬಂತು. ಬಿಚ್ಚಿದರೆ ಹೊಸ ಮಸಿಯ ವಾಸನೆ. ಈ ವಾಸನೆಯನ್ನು ನಾನು ನಂಬುವುದಿಲ್ಲ. ಒಳಗೆ ಏನೇ ಇರಲಿ, ಹೊಸ ಪುಸ್ತಕವೆಲ್ಲ ಮೂಗಿಗೆ ಹಿತವಾಗಿಯೇ ಇರುತ್ತದೆ. ಕಳಿಸಿದವನು ಸರಸಳ ಮಗ. ತನ್ನ ಮುತ್ತಜ್ಜ ಎಂದೋ ಬರೆದ ಆತ್ಮಕಥೆಯನ್ನು ಮತ್ತೆ ಅಚ್ಚು ಹಾಕಿಸಿದ್ದಾನೆ. ಇದನ್ನು ಜನ ಏಕೆ ಓದಬೇಕೆಂದು ನಾನು ನಾಲ್ಕು ಮಾತು ಬರೆದುಕೊಡಬೇಕಂತೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳನ್ನು ಕೇಳುತ್ತಾನೆಂದರೆ, ಕಲಿತವರು ಯಾರೂ ಒಪ್ಪಿರಲಾರರು.

ಬರೆಯುತ್ತೇನೆ. ಆದರೆ ನೀವು ಸ್ವಲ್ಪ ಹಿಂದಕ್ಕೆ ಬರಬೇಕು, ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷವಾಗಿದ್ದ ಕಾಲಕ್ಕೆ. ನಮ್ಮದು ರೇಷ್ಮೆ ಸೀರೆ ನೇಯುವ ಬೀದಿ. ಗಂಡಸರು ಮಗ್ಗದಲ್ಲಿ ಕೂತರೆ ಹೆಂಗಸರು ರಾಟೆಯಲ್ಲಿ ನೂಲು ಸುತ್ತಬೇಕು. ಕೈಗೆ ಕೆಲಸ, ಕಿವಿ ಖಾಲಿ. ಅದಕ್ಕೇ ಮಧ್ಯಾಹ್ನ ಪಕ್ಕದ ಮನೆಯ ಪುಟ್ಟತಾಯಮ್ಮ ನಮ್ಮ ಮನೆಗೆ ಬಂದು ಗಟ್ಟಿಯಾಗಿ ಪುಸ್ತಕ ಓದುತ್ತಿದ್ದಳು. ಅವಳ ಪಾಲಿನ ನೂಲನ್ನು ನಾವು ಸುತ್ತಿಕೊಡುತ್ತಿದ್ದೆವು. ಹನೂರಿನಲ್ಲಿ ಮೇಷ್ಟ್ರಾಗಿದ್ದ ಅವಳ ತಮ್ಮ ರಾಜರಾಣಿಯರ ಕಾದಂಬರಿ ತಂದುಕೊಡುತ್ತಿದ್ದ.

ಪುಟ್ಟತಾಯಮ್ಮನಿಗೆ ಎಲ್ಲವೂ ಚೆನ್ನ. ಬೀದಿಗೆಲ್ಲ ಓದಿ ಓದಿ ಎಂದು ಹಂಚುವಳು. ನನಗೆ ಮೊದಲಿನಿಂದ ಅನುಮಾನ. ರಾಜ ರಾಣಿಯ ಕಿವಿಯಲ್ಲಿ ಹೇಳಿದ್ದು ಬರೆದವನಿಗೆ ಹೇಗೆ ಕೇಳಿಸಿತು? ಒಂದು ಕಾದಂಬರಿಯಲ್ಲಿ ರಾಣಿ ಜರಿ ಸೀರೆ ಉಟ್ಟುಕೊಂಡೇ ಕೊಳಕ್ಕೆ ಇಳಿದು ಈಜುತ್ತಾಳೆ. ಅವಳು ಗಂಡನನ್ನು ನೆನೆದು ಅಳುವಾಗ ಎಲ್ಲರೂ ಕಣ್ಣೊರೆಸಿಕೊಂಡರೆ, ನಾನು ನೆನೆದ ಜರಿಯ ಗತಿಯೇನೆಂದು ಯೋಚಿಸುತ್ತಿದ್ದೆ. ಹೇಳಿದೆ ಕೂಡ. ಪುಟ್ಟತಾಯಮ್ಮ ಪುಸ್ತಕ ಮಡಿಸಿ, “ಸಂತೇಲಿ ಬದ್ನೆಕಾಯಿ ಇಚುಕಿ ನೋಡ್ದಂಗೆ ಪುಸ್ತಕ ಓದ್ತೀಯ ಕಣಮ್ಮಿ ನೀನು” ಅಂದಳು.

ಆಮೇಲೆ ಈ ಆತ್ಮಕಥೆ ಬಂತು. ಬರೆದವರು ಯಳಂದೂರಿನ ರೇಷ್ಮೆ ವ್ಯಾಪಾರಿ, ನಮ್ಮ ಜನವೇ. ಸೀರೆ ಗಂಟು ಹೊತ್ತು ಪಾಲಾರ್ ಹೊಳೆ ದಾಟಿ ತಮಿಳು ಸೀಮೆಯಲ್ಲಿ ಮಾರಿದ್ದು, ಸುಳ್ಳು ಹೇಳದೆ ನಷ್ಟ ಮಾಡಿಕೊಂಡದ್ದು, ಹೀಗೆ. ಪುಟ್ಟತಾಯಮ್ಮ ಕರಗಿಹೋದಳು. ಕೆಲವೇ ದಿನದಲ್ಲಿ ಅವಳ ಮಗಳು ಸರಸಳನ್ನು ಆ ಹಿರಿಯರ ಮೊಮ್ಮಗನಿಗೆ ಕೇಳಿಕೊಂಡು ಬಂದರು. ವಿಚಾರಿಸುವ ಮಾತೇ ಇಲ್ಲ. ಮನೆಯ ವಿಚಾರವೆಲ್ಲ ಪುಸ್ತಕದಲ್ಲೇ ಇದೆಯಲ್ಲ ಎಂದು ಅವಳ ವಾದ. “ಸುಳ್ಳು ಬರಿಯೋರು ರಾಜ್ರ ಕತೆ ಬರೀತಾರೆ. ತನ್ನ ಕತೆ ತಾನೇ ಬರ್ಕಂಡೋರು ಯಾಕೆ ಸುಳ್ಳು ಬರೀತಾರೆ?”

ನಾನು ಪುಸ್ತಕ ಇಸಕೊಂಡು ಮೊದಲಿಂದ ಕೊನೆಗೆ ಇಚುಕಿ ನೋಡಿದೆ. ಆ ಮನುಷ್ಯರ ಎತ್ತಿಗೆ ಹೆಸರಿತ್ತು. ಎತ್ತಿಗೆ ಕಾಲುಬೇನೆ ಬಂದದ್ದು ಒಂದು ಪುಟ. ಹೆಂಡತಿಗೆ ಹೆಸರಿಲ್ಲ. ‘ಮನೆಯವರು’ ಎಂದು ಬಂದು ಕಾಫಿ ಇಟ್ಟು ಹೋಗುತ್ತಾರೆ. ಇಡೀ ಪುಸ್ತಕದಲ್ಲಿ ಬಾಯಿ ಬಿಡುವುದಿಲ್ಲ. ಎತ್ತಿಗಿರುವ ಬೆಲೆ ಹೆಂಗಸರಿಗಿಲ್ಲದ ಮನೆ ಅದು ಎಂದೆ. ಪುಟ್ಟತಾಯಮ್ಮ ನನ್ನ ಜೊತೆ ಮಾತು ಬಿಟ್ಟಳು. ಸರಸ ಮಾತ್ರ ನೀರು ಸೇದುವ ನೆಪದಲ್ಲಿ ಹಿತ್ತಲಿಗೆ ಬಂದಳು.

“ಅವ್ವಂಗೆ ಎಲ್ಲಾ ಪುಸ್ತಕಾನೂ ಚೆಂದವೇ, ಚಿಕ್ಕವ್ವ. ನೀವು ಓಗಿ ನೋಡ್ಕಂಡು ಬನ್ನಿ. ನೀವು ಊ ಅಂದ್ರೆ ನಾನೂ ಊ ಅಂತೀನಿ.”

ಒಂದು ಹೆಣ್ಣಿನ ಬಾಳು ನನ್ನ ಅನುಮಾನದ ತಲೆಯ ಮೇಲೆ ಬಂದು ಕೂತಿತು. ಯಳಂದೂರಿನ ಬಸ್ಸು ಮಾಂಬಳ್ಳಿ ದಾಟುವವರೆಗೂ ಏನು ನೋಡಬೇಕೆಂದು ಯೋಚಿಸಿದೆ. ನಮ್ಮ ಮನೆಗಳಲ್ಲಿ ಬೆಳಕೆಲ್ಲ ಮಗ್ಗಕ್ಕೆ. ರಾಟೆಯನ್ನು ಅಡುಗೆಮನೆ ಮೂಲೆಯ ಕತ್ತಲಿಗೆ ತಳ್ಳುತ್ತಾರೆ. ಎಳೆ ಕಾಣದೆ ನಲವತ್ತಕ್ಕೇ ಹೆಂಗಸರ ಕಣ್ಣು ಹೋಗುತ್ತದೆ. ರಾಟೆ ಎಲ್ಲಿಟ್ಟಿದ್ದಾರೆ ನೋಡಬೇಕು, ಅಷ್ಟೇ.

ಆ ಮನೆಯಲ್ಲಿ ರಾಟೆ ನಡುಮನೆಯ ಬೆಳಕಿಂಡಿಯ ಕೆಳಗೇ ಇತ್ತು. ಬರೆದ ಹಿರಿಯರು ಆಚೆ ಮಬ್ಬಿನಲ್ಲಿ ಪೇಪರನ್ನು ಮೂಗಿಗೆ ಹಿಡಿದು ಕೂತಿದ್ದರು. ಆದರೂ, ನಾವು ಬರುತ್ತೇವೆಂದು ರಾಟೆಯನ್ನು ಬೆಳಿಗ್ಗೆ ತಂದಿಟ್ಟಿರಬಾರದೇಕೆ? ಬಗ್ಗಿ ನೋಡಿದೆ. ರಾಟೆಯ ಕಾಲು ನೆಲದಲ್ಲಿ ಗುಳಿ ಬೀಳಿಸಿತ್ತು. ಅದು ಒಂದು ದಿನದ್ದಲ್ಲ.

ರಾಟೆಯ ಮುಂದಿದ್ದ ಅಜ್ಜಿಯನ್ನು, ಪುಸ್ತಕದಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ ಎಂದು ನೇರವಾಗಿ ಕೇಳಿಬಿಟ್ಟೆ.

“ನಾನೇ ಬ್ಯಾಡ ಅಂದೆ ಕಣವ್ವ. ಅವ್ರ ಕತೆ ಅವ್ರು ಬರ್ಕಳ್ಳಿ. ನನ್ನ ಕತೆ ಬರಿಯಾಕೆ ಅವ್ರಿಗೇನು ಗೊತ್ತು?”

ಪೇಪರಿನ ಹಿಂದಿನಿಂದ ಒಂದು ಕೆಮ್ಮು ಬಂತು. ಅಜ್ಜಿ ತಮ್ಮ ಹೆಸರನ್ನು ನನಗೆ ಹೇಳಿದರು. ಅವರಿಗೆ ಬೇಡವಾಗಿದ್ದರಿಂದ ಇಲ್ಲೂ ಬರೆಯುವುದಿಲ್ಲ.

ಬಂದು ಸರಸಳಿಗೆ ಊ ಅಂದೆ. ಅವಳು ಅಲ್ಲಿ ಜಗಳವಾಡಿಕೊಂಡು, ನಗಾಡಿಕೊಂಡು ಚೆನ್ನಾಗಿಯೇ ಬಾಳಿದಳು. ಈಗಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾಳೆ. ಆದ್ದರಿಂದ ಓದುಗರೇ, ಈ ಪುಸ್ತಕ ಓದಿ. ನಷ್ಟ ಮಾಡಿಕೊಂಡ ಕಥೆಗಳನ್ನು ಅರ್ಧ ನಂಬಿ, ಎತ್ತನ್ನು ಪೂರ್ತಿ ನಂಬಿ.

ಇಷ್ಟು ಬರೆದು, ಬೇರೆಯವರ ಪುಸ್ತಕವನ್ನು ನೋಡುವ ಹಾಗೆ ಇದನ್ನೂ ಮೊದಲಿಂದ ಓದಿದೆ. ನನ್ನ ಯಜಮಾನರು ಆ ವರ್ಷಗಳೆಲ್ಲ ನಾವು ನೂಲು ಸುತ್ತುತ್ತಿದ್ದ ಮನೆಯಲ್ಲೇ ಮಗ್ಗದ ಮೇಲಿದ್ದರು. ಪುಟ್ಟತಾಯಮ್ಮ ಓದುವುದು ನಮಗೆ ಕೇಳಲೆಂದು ಲಾಳಿಯ ಸದ್ದು ತಗ್ಗಿಸುತ್ತಿದ್ದರು. ಯಳಂದೂರಿಗೆ ಮಗ್ಗ ನಿಲ್ಲಿಸಿ ಜೊತೆಗೆ ಬಂದವರೂ ಅವರೇ. ಎಲ್ಲಾದರೂ ಸೇರಿಸೋಣವೆಂದು ಮತ್ತೆ ಮತ್ತೆ ಓದುತ್ತಿದ್ದೇನೆ. ಅವರೊಬ್ಬರು ಕೂರುವಷ್ಟು ಜಾಗ ಎಲ್ಲೂ ಬಿಟ್ಟಿಲ್ಲ ನಾನು.