ನೇಗಿಲು ತಾಗದ ಜಾಗ

ಇವತ್ತು ಸಿಂಧನೂರು ಕೋರ್ಟಿನ ಕಟ್ಟೆಯ ಮೇಲೆ ಯಾರೋ ವಿಭೂತಿ ಹಚ್ಚಿಕೊಂಡರು. ಆ ವಾಸನೆಗೆ ವಳಕಮದಿನ್ನಿಯ ನಮ್ಮ ಹೊಲ ಕಣ್ಣೆದುರು ಬಂತು.

ನಮ್ಮಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುತ್ತಾರೆ. ಅಜ್ಜಿಯ ಗದ್ದುಗೆ ಹೊಲದ ನಡುವೆಯೇ ಇತ್ತು. ಅಪ್ಪ ಅದಕ್ಕೆ ವಿಭೂತಿ ಹಚ್ಚಿ, ನೇಗಿಲು ತಾಗದಂತೆ ಎತ್ತು ಹೊರಳಿಸುತ್ತಿದ್ದ.

"ಚೀಲ ಭತ್ತ ಬೆಳೆಯೋ ಜಾಗ ಬಿಟ್ಟೀಯಲ್ಲಣ್ಣಾ," ಎಂದು ಕಾಕಾ ನಗುತ್ತಿದ್ದ.

"ಅವ್ವ ಕುಂತಾಳಲೇ. ಎಬ್ಬಸ್ಲೇನು?" ಎನ್ನುತ್ತಿದ್ದ ಅಪ್ಪ.

ಈಗ ಅಪ್ಪನೂ ಅಜ್ಜಿಯ ಪಕ್ಕದಲ್ಲೇ ಇದ್ದಾನೆ. ಹೊಲ ನನ್ನ ಮತ್ತು ತಮ್ಮನ ಹೆಸರಿನಲ್ಲಿ ಜಂಟಿಯಾಗಿದೆ. ಮಾರಲು ನಾನು ಒಪ್ಪದ್ದಕ್ಕೆ ಅವನು ದಾವೆ ಹಾಕಿದ್ದಾನೆ. ಕೊಳ್ಳುವವರು ನೆಲ ಸಮ ಮಾಡಿ ಪ್ಲಾಟ್ ಹಾಕುತ್ತಾರಂತೆ.

"ಸಾಕಾಗೇತಿ, ಸಹಿ ಮಾಡಬೇ ಅಕ್ಕಾ," ಎಂದು ಕಟ್ಟೆಯ ಮೇಲೆ ಪಕ್ಕದಲ್ಲಿ ಕೂತಿದ್ದ ತಮ್ಮ, ಮಾರಾಟದ ಒಪ್ಪಿಗೆ ಪತ್ರ ಮುಂದಿಟ್ಟು ಪೆನ್ನು ಚಾಚಿದ.

"ಅಪ್ಪ ಕುಂತಾನಲ್ಲೋ. ನೀನೇ ಎಬ್ಬಸ್ತೀಯೇನು?" ಎಂದೆ.

ಶಿವನೇ, ಅವನು ಮುಖ ಆಚೆ ತಿರುಗಿಸಿದ. ಆದರೆ ಪೆನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.